ಮೆಮೊರಿ ಚಿಪ್ ಮೇಲೆ ಪುಟ್ಟ ಹೀಟ್‌ಸಿಂಕ್: ಅಂಟಿಸಬೇಕೆ, ಹೇಗೆ?

ಪ್ರಶ್ನೆ: ನನ್ನ ಹತ್ತಿರ ಜಿಟಿಎಕ್ಸ್ 1060, 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ. ಹೋದ ವರ್ಷ ಅದರ ಎರಡೂ ಫ್ಯಾನ್ ನಿಂತುಹೋದವು. ಗೆಳೆಯನೊಬ್ಬ ಹಳೆಯ ಕೂಲರನ್ನು ಪೂರ್ತಿ ಬಿಚ್ಚಿ, ಪ್ರೊಸೆಸರಿಗೆ ಹಾಕುವ ಲಿಕ್ವಿಡ್ ಕೂಲರನ್ನು ಜಿಪಿಯು ಮೇಲೆ ಕೂರಿಸಿಕೊಟ್ಟ. ಈಗ ಜಿಪಿಯು 52 ಡಿಗ್ರಿ ದಾಟುವುದಿಲ್ಲ. ಆದರೆ ಮುಕ್ಕಾಲು ಗಂಟೆ ಆಟ ಆಡಿದರೆ ಪರದೆಯ ತುಂಬ ಬಣ್ಣದ ಚುಕ್ಕೆ. ಸುತ್ತಲಿನ ಮೆಮೊರಿ ಚಿಪ್‌ಗಳ ಮೇಲೆ ಏನೂ ಇಲ್ಲ. ಅವಕ್ಕೆ ಸಣ್ಣ ಹೀಟ್‌ಸಿಂಕ್ ಅಂಟಿಸಿದರೆ ಸರಿಹೋಗುತ್ತದೆಯೆ? ಯಾವ ಅಂಟು ಹಾಕಬೇಕು? ಫೆವಿಕ್ವಿಕ್ ಆಗುತ್ತದೆಯೆ?
– ಓದುಗರೊಬ್ಬರು, ರಾಯಚೂರು

ಉತ್ತರ: ಫೆವಿಕ್ವಿಕ್ ಖಂಡಿತ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ. ಟ್ಯೂಬ್ ಆಗಲೇ ಕೈಯಲ್ಲಿದ್ದರೆ ದಯವಿಟ್ಟು ಎತ್ತಿಡಿ.

ನಿಮ್ಮ ಕಾರ್ಡಿಗೆ ಏನಾಗಿದೆ ಎಂಬುದು ನೀವು ಬರೆದ ಸಾಲುಗಳಲ್ಲೇ ಹೆಚ್ಚುಕಡಿಮೆ ಇದೆ. ಹಳೆಯ ಕೂಲರ್ ಎರಡು ಕೆಲಸ ಮಾಡುತ್ತಿತ್ತು. ಜಿಪಿಯು ಮೇಲೆ ಕೂತು ಅದರ ಶಾಖ ಹೀರುವುದು ಎಲ್ಲರಿಗೂ ಕಾಣುವ ಕೆಲಸ. ಇನ್ನೊಂದು ಯಾರ ಗಮನಕ್ಕೂ ಬಾರದ ಕೆಲಸ: ಫ್ಯಾನ್ ಊದಿದ ಗಾಳಿ ಲೋಹದ ರೆಕ್ಕೆಗಳ ನಡುವೆ ಹಾದು, ಬೋರ್ಡಿಗೆ ಬಡಿದು, ಮೆಮೊರಿ ಚಿಪ್‌ಗಳನ್ನೂ ಪಕ್ಕದ ವಿದ್ಯುತ್ ಭಾಗಗಳನ್ನೂ ಸವರಿಕೊಂಡು ಹೊರಗೆ ಹೋಗುತ್ತಿತ್ತು. ಲಿಕ್ವಿಡ್ ಕೂಲರ್ ಬಂದ ಮೇಲೆ ಜಿಪಿಯು ಶಾಖವೆಲ್ಲ ಕೊಳವೆ ಹಿಡಿದು ಕ್ಯಾಬಿನೆಟ್‌ನ ಇನ್ನೊಂದು ಮೂಲೆಯ ರೇಡಿಯೇಟರಿಗೆ ಹೋಯಿತು. ಅದರ ಜತೆಗೇ ಬೋರ್ಡಿನ ಮೇಲಿನ ಗಾಳಿಯೂ ನಿಂತುಹೋಯಿತು. ಜಿಪಿಯು ತಂಪಾಗಿದೆ ಎಂದು ತೋರಿಸುವ ಆ 52 ಡಿಗ್ರಿ ನಿಜವೇ, ಆದರೆ ಅದು ಒಂದೇ ಒಂದು ಚಿಪ್‌ನ ಸುದ್ದಿ. ಈ ತಲೆಮಾರಿನ ಹೆಚ್ಚಿನ ಕಾರ್ಡುಗಳಲ್ಲಿ ಮೆಮೊರಿ ಎಷ್ಟು ಬಿಸಿ ಎಂಬುದನ್ನು ಯಾವ ತಂತ್ರಾಂಶವೂ ತೋರಿಸುವುದಿಲ್ಲ, ಏಕೆಂದರೆ ಅದನ್ನು ಓದಿ ಹೇಳುವ ವ್ಯವಸ್ಥೆಯೇ ಅವುಗಳಲ್ಲಿಲ್ಲ.

ಹೀಗೆ ಕೂಲರ್ ಬದಲಿಸುವವರಿಗೆಂದೇ ಬಂದ ಬ್ರಾಕೆಟ್ಟುಗಳಿದ್ದವು. ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಕ್ರಾಕನ್ ಜಿ12 ಅಂಥದ್ದೊಂದು. ಲಿಕ್ವಿಡ್ ಕೂಲರನ್ನು ಜಿಪಿಯು ಮೇಲೆ ಬಿಗಿಯುವುದಷ್ಟೇ ಅದರ ಕೆಲಸವಾಗಿರಲಿಲ್ಲ, ಪಕ್ಕದಲ್ಲೇ 92 ಮಿಲಿಮೀಟರಿನ ಒಂದು ಫ್ಯಾನನ್ನೂ ಹೊತ್ತುಕೊಂಡಿತ್ತು. ಆ ಫ್ಯಾನ್ ಇರುವುದು ಅಂದಕ್ಕಲ್ಲ, ನಿಮ್ಮ ಕಾರ್ಡಿನಲ್ಲಿ ಈಗ ಇಲ್ಲದ ಗಾಳಿಗಾಗಿ.

ಹೀಟ್‌ಸಿಂಕ್ ತರುವ ಮೊದಲು ಒಂದು ಪರೀಕ್ಷೆ ಮಾಡಿ. ಕಾಸು ಖರ್ಚಿಲ್ಲ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಿರಿ. ಮೇಜಿನ ಮೇಲಿಡುವ ಫ್ಯಾನನ್ನು ಒಂದಡಿ ದೂರದಲ್ಲಿಟ್ಟು, ಗಾಳಿ ಕಾರ್ಡಿನ ಕೆಳಮುಖಕ್ಕೆ ತಾಗುವಂತೆ ತಿರುಗಿಸಿ. ಯಾವ ಆಟದಲ್ಲಿ ಚುಕ್ಕೆ ಬರುತ್ತಿತ್ತೋ ಅದನ್ನೇ ಒಂದು ಗಂಟೆ ಆಡಿ. ಚುಕ್ಕೆ ಬಾರದಿದ್ದರೆ ತೊಂದರೆ ಶಾಖದ್ದೇ, ಮುಂದೆ ಓದಿ. ಚುಕ್ಕೆ ಬಂದರೆ, ಅದರಲ್ಲೂ ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ತಣ್ಣಗಿರುವಾಗಲೂ ಬಂದರೆ, ಚಿಪ್ ಕೆಟ್ಟಿರಬೇಕು ಅಥವಾ ಅದರ ಕೆಳಗಿನ ಬೆಸುಗೆ ಬಿಟ್ಟಿರಬೇಕು. ಅಂಥ ಕಾರ್ಡಿಗೆ ಎಂಥ ಹೀಟ್‌ಸಿಂಕ್ ಅಂಟಿಸಿದರೂ ಪ್ರಯೋಜನವಿಲ್ಲ. ಇನ್ನೊಂದು ಉಪಾಯವೂ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಮೆಮೊರಿ ವೇಗವನ್ನು 500ರಷ್ಟು ಇಳಿಸಿ ನೋಡಿ. ನಿಮ್ಮ ಕಾರ್ಡಿನಲ್ಲಿ ಅದು ಸಾಮಾನ್ಯವಾಗಿ 4004 ಎಂದು ತೋರಿಸುತ್ತದೆ, 3500ರ ಸುಮಾರಿಗೆ ತನ್ನಿ. ಇದರಿಂದ ಚುಕ್ಕೆ ಮಾಯವಾದರೆ ದೋಷ ಮೆಮೊರಿಯ ಕಡೆಯದೇ ಎಂಬುದು ಗಟ್ಟಿಯಾಗುತ್ತದೆ.

ಶಾಖಕ್ಕೂ ಚುಕ್ಕೆಗೂ ಏನು ನಂಟು? ಈ ಚಿಪ್‌ಗಳಲ್ಲಿ ಒಂದೊಂದು ಬಿಟ್ ಎಂದರೆ ಒಂದು ಅತಿ ಸಣ್ಣ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುದಂಶ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕ ಈ ವಿಧಾನದಲ್ಲೇ ಇಂದಿನ ಗ್ರಾಫಿಕ್ಸ್ ಮೆಮೊರಿಯೂ ನಡೆಯುತ್ತದೆ. ಈ ಕೆಪಾಸಿಟರ್ ತೂತು ಬಿದ್ದ ಕೊಡದ ಹಾಗೆ. ತುಂಬಿದ್ದು ಸೋರುತ್ತಲೇ ಇರುತ್ತದೆ, ಖಾಲಿಯಾಗುವ ಮೊದಲು ಓದಿ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ತೂತು ದೊಡ್ಡದಾಗುತ್ತದೆ. ಕಂಪ್ಯೂಟರಿಗೆ ಹಾಕುವ ಸಾಮಾನ್ಯ ಡಿಡಿಆರ್4 ಮೆಮೊರಿಯನ್ನು 85 ಡಿಗ್ರಿಯವರೆಗೆ 64 ಮಿಲಿಸೆಕೆಂಡಿಗೊಮ್ಮೆ ತುಂಬಿದರೆ ಸಾಕು, ಅದಕ್ಕೂ ಮೇಲೆ ಹೋದರೆ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕು. ಗ್ರಾಫಿಕ್ಸ್ ಮೆಮೊರಿಯ ಹೊರಮೈ 85 ಡಿಗ್ರಿಯವರೆಗೆ, ಕೆಲವದರದು 95ರವರೆಗೆ ತಾಳುವಂತೆ ತಯಾರಾಗಿರುತ್ತದೆ. ಆ ಗಡಿ ದಾಟಿದಾಗ ಎಲ್ಲೋ ಒಂದು ಬಿಟ್ ತುಂಬುವ ಮೊದಲೇ ಬರಿದಾಗುತ್ತದೆ, 1 ಇದ್ದದ್ದು 0 ಆಗುತ್ತದೆ. ಆ ಬಿಟ್ ಆಟದೊಳಗಿನ ಗೋಡೆಯ ಬಣ್ಣದ್ದಾಗಿದ್ದರೆ ಗೋಡೆಯ ಮೇಲೊಂದು ಹಸಿರು ಚುಕ್ಕೆ ಕಾಣುತ್ತದೆ. ನೀವು ಕಾಣುತ್ತಿರುವುದು ಅದನ್ನೇ.

ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಚಿಪ್ ಎಷ್ಟು ಬಿಸಿಯಾಗುತ್ತದೆ ಎಂಬುದು ಸುತ್ತಲಿನ ಗಾಳಿಗಿಂತ ಇಷ್ಟು ಹೆಚ್ಚು ಎಂಬ ಲೆಕ್ಕ. 25 ಡಿಗ್ರಿಯ ಕೋಣೆಯಲ್ಲಿ 72ಕ್ಕೆ ನಿಲ್ಲುವ ಚಿಪ್, ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಕೋಣೆಯಲ್ಲಿ 87ರ ಹತ್ತಿರ ಹೋಗುತ್ತದೆ. ಚಳಿ ದೇಶದವರು ಮಾಡಿ ನೋಡಿ ಬರೆದ ಸಲಹೆಗಳನ್ನು ಓದುವಾಗ ಈ 15 ಡಿಗ್ರಿ ನೆನಪಿರಲಿ. ಅಲ್ಲಿ ಬರಿಮೈ ಚಿಪ್ ನಡೆದೀತು. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ನಡೆಯುವುದು ಕಷ್ಟ.

ಈಗ ನಿಮ್ಮ ಕಾರ್ಡಿನ ಚಿಪ್‌ಗಳನ್ನು ಹತ್ತಿರದಿಂದ ನೋಡೋಣ. 6 ಜಿಬಿಯ 1060ರಲ್ಲಿ ಮೆಮೊರಿಯ ದಾರಿ 192 ಬಿಟ್ ಅಗಲ, ಒಂದೊಂದು ಚಿಪ್ 32 ಬಿಟ್. ಹಾಗಾಗಿ ಜಿಪಿಯು ಸುತ್ತ ಆರು ಕರಿ ಚೌಕಗಳಿರುತ್ತವೆ. ಓರೆಯಾಗಿ ಟಾರ್ಚ್ ಹಿಡಿದರೆ ಅದರ ಮೇಲಿನ ಬರಹ ಓದಬಹುದು. ಸ್ಯಾಮ್‌ಸಂಗ್ ಚಿಪ್ ಆಗಿದ್ದರೆ ಹೆಚ್ಚಾಗಿ ಕೆ4ಜಿ80325ಎಫ್‌ಬಿ ಎಂದಿರುತ್ತದೆ. ಅದರೊಳಗಿನ 80 ಎಂದರೆ 8 ಗಿಗಾಬಿಟ್, ಅಂದರೆ 1 ಗಿಗಾಬೈಟ್. ಮುಂದಿನ 32 ಎಂದರೆ 32 ಬಿಟ್ ಅಗಲ. ಮೈಕ್ರಾನ್, ಹೈನಿಕ್ಸ್ ಚಿಪ್‌ಗಳೂ ಇರಬಹುದು, ಅಳತೆ ಎಲ್ಲವಕ್ಕೂ ಒಂದೇ: 12 ಮಿಲಿಮೀಟರ್ ಅಗಲ, 14 ಮಿಲಿಮೀಟರ್ ಉದ್ದ. ಕೆಲವು ಬೋರ್ಡುಗಳಲ್ಲಿ ಚಿಪ್ ಕೂರಿಸದೆ ಬಿಟ್ಟ ಖಾಲಿ ಜಾಗವೂ ಇರುತ್ತದೆ, ಬೆಳ್ಳಿ ಬಣ್ಣದ ಚುಕ್ಕೆಗಳ ಸಾಲು. ಅದರ ಮೇಲೆ ಅಪ್ಪಿತಪ್ಪಿಯೂ ಲೋಹ ತಾಗಬಾರದು.

ಈ ಒಂದು ಚಿಪ್ ಜೋರು ಕೆಲಸದಲ್ಲಿರುವಾಗ ಹೊರಹಾಕುವುದು ಸುಮಾರು ಎರಡು ವ್ಯಾಟ್ ಶಾಖ. ಅದು ಹೊರಹೋಗಲು ಎರಡು ದಾರಿ. ಒಂದು ಕೆಳಕ್ಕೆ: ಚಿಪ್ ಕೆಳಗಿರುವ 170 ಬೆಸುಗೆ ಗುಂಡುಗಳ ಮೂಲಕ ಬೋರ್ಡಿನೊಳಗಿನ ತಾಮ್ರದ ಪದರಕ್ಕೆ. ಇನ್ನೊಂದು ಮೇಲಕ್ಕೆ, ಗಾಳಿಗೆ. ಹೀಟ್‌ಸಿಂಕ್ ಅಂಟಿಸುವವರೆಲ್ಲ ಮೇಲಿನ ದಾರಿಯನ್ನೇ ನೆಚ್ಚಿರುತ್ತಾರೆ. ಅದು ಎಷ್ಟು ಅಗಲ ಎಂದು ಸ್ಥೂಲವಾಗಿ ಲೆಕ್ಕ ಹಾಕಿ ನೋಡಿ. ಬರಿ ಚಿಪ್‌ನ ಬೆನ್ನು 1.7 ಚದರ ಸೆಂಟಿಮೀಟರ್. ನಿಂತ ಗಾಳಿಗಿಂತ ಚಿಪ್ 50 ಡಿಗ್ರಿ ಹೆಚ್ಚು ಬಿಸಿ ಇದ್ದರೂ ಈ ಬೆನ್ನಿನಿಂದ ಹೊರಹೋಗುವುದು ಒಂದು ವ್ಯಾಟ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಅದರ ಮೇಲೆ 14 ಮಿ.ಮೀ. ಚೌಕದ, 6 ಮಿ.ಮೀ. ಎತ್ತರದ ಪುಟ್ಟ ಹೀಟ್‌ಸಿಂಕ್ ಕೂರಿಸಿದರೆ ರೆಕ್ಕೆಗಳೆಲ್ಲ ಸೇರಿ ಗಾಳಿಗೆ ತೆರೆದ ಮೈ 8 ಚದರ ಸೆಂಟಿಮೀಟರ್ ಆಸುಪಾಸಿಗೆ ಬರುತ್ತದೆ. ಗಾಳಿ ನಿಂತೇ ಇದ್ದರೆ ಈಗ ಹೊರಹೋಗುವುದು ಅರ್ಧ ವ್ಯಾಟ್‌ಗೂ ತುಸು ಕಡಿಮೆ. ಅದೇ ಹೀಟ್‌ಸಿಂಕ್ ಮೇಲೆ ಸಾಧಾರಣ ಫ್ಯಾನಿನ ಗಾಳಿ ಹಾಯಿಸಿದರೆ ಒಂದೂವರೆ ವ್ಯಾಟ್‌ವರೆಗೆ. ಎರಡು ವ್ಯಾಟ್‌ನಲ್ಲಿ ಒಂದೂವರೆ ಮೇಲಿನಿಂದ ಹೋದರೆ ಬೋರ್ಡಿಗೆ ಉಳಿಯುವುದು ಅಲ್ಪ.

ಈ ಮೂರು ಅಂಕಿಗಳಿಗಾಗಿಯೇ ಇಷ್ಟುದ್ದ ಬರೆದೆ. ಹೀಟ್‌ಸಿಂಕ್ ತಾನಾಗಿ ತಂಪು ಮಾಡುವ ವಸ್ತುವಲ್ಲ. ಗಾಳಿಗೆ ಹೆಚ್ಚು ಮೈ ಒಡ್ಡುವ ಲೋಹದ ತುಂಡು, ಅಷ್ಟೇ. ಅದನ್ನು ಅಂಟಿಸಿ ಗಾಳಿ ಕೊಡದೆ ಬಿಟ್ಟವರು ನಾಲ್ಕೈದು ಡಿಗ್ರಿ ಇಳಿದದ್ದನ್ನು ಕಂಡು ನಿರಾಶರಾಗುತ್ತಾರೆ. ನಿಮ್ಮ ಬಳಿ ಇರುವ ಹಣ ಹೀಟ್‌ಸಿಂಕ್ ಮತ್ತು ಫ್ಯಾನ್ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಫ್ಯಾನ್ ಕೊಳ್ಳಿ. 92 ಅಥವಾ 120 ಮಿ.ಮೀ.ದು, ಕಾರ್ಡಿನ ಕೆಳಗೆ, ಮೇಲ್ಮುಖವಾಗಿ ಊದುವಂತೆ. ಎರಡೂ ಆದರೆ ಇನ್ನೂ ಒಳ್ಳೆಯದು.

ಮೆಮೊರಿಗಿಂತ ಮೊದಲು ಇನ್ನೊಂದು ಜಾಗ ನೋಡಿ. ಕಾರ್ಡಿನ ತುದಿಯಲ್ಲಿ, ಎಸ್‌ಎಂಪಿಎಸ್‌ನಿಂದ ಬರುವ ವಿದ್ಯುತ್ ತಂತಿ ಚುಚ್ಚುವ ಕಡೆ, ಬೂದು ಬಣ್ಣದ ದಪ್ಪ ಚೌಕಗಳ ಸಾಲಿದೆ. ಅವು ಕಾಯಿಲ್‌ಗಳು. ಅಗತ್ಯವಿಲ್ಲದಿದ್ದರೂ ಹಲವರು ಅವಕ್ಕೆ ಹೀಟ್‌ಸಿಂಕ್ ಅಂಟಿಸುತ್ತಾರೆ. ಅವುಗಳ ಪಕ್ಕದಲ್ಲೇ ಚಪ್ಪಟೆಯಾಗಿ, ಕಪ್ಪಾಗಿ, ಕಾಳು ಮೆಣಸಿನ ಗಾತ್ರದಲ್ಲಿ ಕೂತಿರುವವು ಮಾಸ್‌ಫೆಟ್‌ಗಳು. 12 ವೋಲ್ಟನ್ನು ಒಂದು ವೋಲ್ಟ್ ಆಸುಪಾಸಿಗೆ ಇಳಿಸಿ ಜಿಪಿಯುಗೆ ಉಣಿಸುವ ಈ ಪುಟ್ಟ ಭಾಗಗಳು ಮೆಮೊರಿಗಿಂತಲೂ ಹೆಚ್ಚು ಕಾಯುತ್ತವೆ. ಆ ಕಾವು ಅದೇ ತಾಮ್ರದ ಪದರ ಹಿಡಿದು ಮೆಮೊರಿಯ ತಳಕ್ಕೆ ಬರುತ್ತದೆ. ಒಲೆಯ ಪಕ್ಕ ಕೂತವನಿಗೆ ಬೀಸಣಿಗೆ ಕೊಟ್ಟಂತಾಗಬಾರದು, ಒಲೆಯನ್ನೂ ತಗ್ಗಿಸಬೇಕು. ಚುಕ್ಕೆಯ ಬದಲು ಪರದೆ ಒಮ್ಮೆಲೇ ಕಪ್ಪಾಗುವುದೂ ಆಗಾಗ ಇದ್ದರೆ ಮೊದಲ ಅನುಮಾನ ಇವುಗಳ ಮೇಲೆಯೇ. ಇವಕ್ಕೆ ಕಿರಿದಾದ ಹೀಟ್‌ಸಿಂಕ್ ಸಿಗುತ್ತದೆ. ಅಂಟಿಸುವಾಗ ಲೋಹ ಬದಿಯ ಬೆಸುಗೆಗೆ ತಾಗದಂತೆ ನೋಡಿಕೊಳ್ಳಿ.

ಇನ್ನು ಆಯ್ಕೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಮಾರುವ ಹೀಟ್‌ಸಿಂಕ್‌ಗಳೇ ಇಲ್ಲಿಗೂ ಹೊಂದುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಣ್ಣ ಪೊಟ್ಟಣಗಳಲ್ಲಿ ಸಿಗುವಂಥವು. 14 ಮಿ.ಮೀ. ಚೌಕದ್ದು ಚಿಪ್‌ನ ಅಗಲಕ್ಕಿಂತ ಎರಡು ಬದಿಗೂ ಒಂದೊಂದು ಮಿಲಿಮೀಟರ್ ಚಾಚುತ್ತದೆ. ಕೆಳಗಿರುವ ಕಂದು ಬಣ್ಣದ ಪುಟ್ಟ ಕೆಪಾಸಿಟರುಗಳು ಸಾಮಾನ್ಯವಾಗಿ ಚಿಪ್‌ಗಿಂತ ಗಿಡ್ಡವಾದ್ದರಿಂದ ತೊಂದರೆಯಿಲ್ಲ, ಆದರೂ ಕಣ್ಣು ಬೋರ್ಡಿನ ಮಟ್ಟಕ್ಕೆ ತಂದು ಬೆಳಕಿಗೆ ಹಿಡಿದು ನೋಡಿ. ತಾಮ್ರದ್ದೋ ಅಲ್ಯೂಮಿನಿಯಂದೋ ಎಂದು ತಲೆಕೆಡಿಸಿಕೊಳ್ಳಬೇಡಿ. ತಾಮ್ರ ಶಾಖವನ್ನು ಹೆಚ್ಚು ಚೆನ್ನಾಗಿ ಸಾಗಿಸುತ್ತದೆ, ನಿಜ. ಆದರೆ ಅರ್ಧ ಸೆಂಟಿಮೀಟರ್ ಎತ್ತರದ ರೆಕ್ಕೆಯಲ್ಲಿ ಆ ಗುಣಕ್ಕೆ ಕೆಲಸವೇ ಇಲ್ಲ. ಅಡ್ಡಿ ಇರುವುದು ಲೋಹದಲ್ಲಲ್ಲ, ಅಂಟಿನಲ್ಲಿ ಮತ್ತು ಗಾಳಿಯಲ್ಲಿ. ಅದೇ ಅಳತೆಯ ತಾಮ್ರದ ತುಂಡು ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಆ ಭಾರವೇ ನಿಮಗೆ ಮುಳುವಾಗಬಹುದು.

ಏಕೆಂದರೆ ನಿಲುವು ಕ್ಯಾಬಿನೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಬೋರಲು ಮಲಗಿರುತ್ತದೆ. ಚಿಪ್‌ಗಳಿರುವ ಮುಖ ನೆಲದ ಕಡೆ. ಮೇಜಿನ ಮೇಲೆ ಅಂಗಾತ ಇಟ್ಟು ಅಂಟಿಸುವಾಗ ಎಲ್ಲ ಭದ್ರವಾಗಿಯೇ ಕಾಣುತ್ತದೆ. ಸ್ಲಾಟಿಗೆ ಹಾಕಿದ ಮೇಲೆ ಆರೂ ಹೀಟ್‌ಸಿಂಕ್ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡಬೇಕು, ಅದೂ 70–80 ಡಿಗ್ರಿ ಬಿಸಿಯಲ್ಲಿ, ವರ್ಷಗಟ್ಟಲೆ. ಒಂದು ಬಿದ್ದರೆ ಕೆಳಗಿನ ಸ್ಲಾಟಿನ ಮೇಲೋ ಫ್ಯಾನಿನೊಳಗೋ ಬೀಳುತ್ತದೆ. ಲೋಹದ ತುಂಡು ಎಲ್ಲಿ ಯಾವ ಎರಡು ಬಿಂದುವನ್ನು ಸೇರಿಸಿಬಿಡುತ್ತದೆ ಎಂದು ಹೇಳಲಾಗದು.

ನನಗೆ ಇದು ಆಗಿದೆ. ಎಂಟು ಚಿಪ್‌ನ ಒಂದು ಹಳೆಯ ಕಾರ್ಡಿಗೆ ಎಂಟು ಹೀಟ್‌ಸಿಂಕ್ ಅಂಟಿಸಿ ಒಂದು ವಾರ ಕಳೆದಿತ್ತು. ಏಪ್ರಿಲ್ ತಿಂಗಳು. ರಾತ್ರಿ ಕೆಲಸ ಮಾಡುತ್ತ ಕೂತಿದ್ದಾಗ ಕ್ಯಾಬಿನೆಟ್ಟಿನೊಳಗೆ ಟಣ್ ಎಂದಿತು. ತಕ್ಷಣ ವಿದ್ಯುತ್ ತೆಗೆದು ಬಾಗಿಲು ಬಿಚ್ಚಿದೆ. ಒಂದು ಹೀಟ್‌ಸಿಂಕ್ ತಳದ ತಗಡಿನ ಮೇಲೆ ಬಿದ್ದಿತ್ತು. ಎತ್ತಿ ನೋಡಿದರೆ ಟೇಪ್ ಲೋಹಕ್ಕೆ ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು, ಚಿಪ್ ಕಡೆಯ ಮೈ ಮಾತ್ರ ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ತಪ್ಪು ಟೇಪಿನದಲ್ಲ. ಆ ಚಿಪ್‌ಗಳ ಮೇಲೆ ಮೊದಲು ಕೂಲರಿನ ಥರ್ಮಲ್ ಪ್ಯಾಡ್ ಇತ್ತು. ಪ್ಯಾಡಿನಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ, ವರ್ಷ ಕಳೆದಂತೆ ಅದು ಒಸರಿ ಚಿಪ್ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ನಾನು ಒಂದೇ ಸಲ ಒರೆಸಿ ಸಾಕೆಂದುಕೊಂಡಿದ್ದೆ. ಸಿಲಿಕೋನ್ ಎಣ್ಣೆ ಇರುವ ಕಡೆ ಇಂಥ ಟೇಪಿನ ಅಂಟು ಹಿಡಿಯುವುದಿಲ್ಲ. ನಿಮ್ಮ ಕಾರ್ಡಿನ ಹಳೆಯ ಕೂಲರಿನಲ್ಲೂ ಮೆಮೊರಿಗೆ ಪ್ಯಾಡ್ ಇದ್ದಿದ್ದರೆ ಇದೇ ಎಣ್ಣೆ ಅಲ್ಲೂ ಇದ್ದೇ ಇದೆ.

ಆದ್ದರಿಂದ ಒರೆಸುವುದೇ ಈ ಕೆಲಸದ ಮುಕ್ಕಾಲು ಪಾಲು. ಮೊಬೈಲ್ ರಿಪೇರಿ ಅಂಗಡಿಯವರು ಐಪಿಎ ಎನ್ನುವ ದ್ರವ ತನ್ನಿ, 99 ಪರ್ಸೆಂಟಿನದು. ಡೆಟಾಲ್, ಸ್ಯಾನಿಟೈಸರ್ ಬೇಡ, ಅವುಗಳಲ್ಲಿರುವ ಬೇರೆ ವಸ್ತುಗಳು ಹಿಂದೆ ಉಳಿಯುತ್ತವೆ. ನೂಲು ಬಿಡದ ಬಟ್ಟೆಯ ತುಂಡಿಗೆ ಹಾಕಿ ಚಿಪ್‌ನ ಬೆನ್ನನ್ನು ಒಂದೇ ದಿಕ್ಕಿಗೆ ಒರೆಸಿ. ಆ ತುಂಡನ್ನು ಎಸೆದು ಹೊಸದು ತೆಗೆದುಕೊಳ್ಳಿ. ಮೂರು ಸಲ ಹೀಗೆ. ಅದೇ ಬಟ್ಟೆಯನ್ನು ಮತ್ತೆ ಬಳಸಿದರೆ ಎಣ್ಣೆಯನ್ನು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಹಚ್ಚಿದಂತೆ. ಒಣಗಿದ ಮೇಲೆ ಟಾರ್ಚ್ ಹಿಡಿದು ನೋಡಿ. ಚಿಪ್‌ನ ಕಪ್ಪು ಹೊಳಪಿಲ್ಲದೆ ಸ್ಲೇಟಿನ ಹಾಗೆ ಕಾಣಬೇಕು, ಅದರ ಮೇಲಿನ ಅಕ್ಷರಗಳು ಬೂದಿ ಬಣ್ಣದಲ್ಲಿ ಸ್ಪಷ್ಟವಾಗಿ ಎದ್ದು ಕಾಣಬೇಕು. ಎಲ್ಲಾದರೂ ಮಿರುಗುವ ಕಲೆ ಇದ್ದರೆ ಇನ್ನೊಮ್ಮೆ ಒರೆಸಿ. ಹೀಟ್‌ಸಿಂಕ್‌ನ ತಳಕ್ಕೂ ಇದೇ ಉಪಚಾರ. ಮುಗಿದ ಮೇಲೆ ಎರಡನ್ನೂ ಬೆರಳಿನಿಂದ ಮುಟ್ಟಬೇಡಿ.

ಅಂಟಿನ ವಿಚಾರ. ಹೀಟ್‌ಸಿಂಕ್ ಜತೆಗೇ ಅಂಟಿಕೊಂಡು ಬರುವ ಟೇಪಿನ ಬಗ್ಗೆ ಎಚ್ಚರ ಬೇಕು. ಬಿಳಿಯಾಗಿ, ದಪ್ಪವಾಗಿ, ಒತ್ತಿದರೆ ಸ್ಪಂಜಿನ ಹಾಗೆ ತಗ್ಗಿದರೆ ಅದು ಫೋಟೊ ಗೋಡೆಗೆ ಅಂಟಿಸುವ ಟೇಪು. ಶಾಖವನ್ನು ಸಾಗಿಸುವ ಬದಲು ಕಂಬಳಿಯ ಹಾಗೆ ತಡೆಯುತ್ತದೆ. ಅದನ್ನು ಕಿತ್ತು, ಬೇರೆ ಟೇಪ್ ಹಾಕಿ. 3ಎಂ ಕಂಪನಿಯ 8810 ಎಂಬ ಥರ್ಮಲ್ ಟೇಪ್ ಈ ಕೆಲಸಕ್ಕೆ ನನಗೆ ನೆಚ್ಚಿನದು. ಕಾಲು ಮಿಲಿಮೀಟರ್ ದಪ್ಪ, ಎರಡೂ ಕಡೆ ಅಂಟು, ಅಳತೆಗೆ ಕತ್ತರಿಸಿಕೊಳ್ಳಬಹುದು. ಅದರ ಶಾಖವಾಹಕತೆ ಮೀಟರ್–ಕೆಲ್ವಿನ್‌ಗೆ 0.6 ವ್ಯಾಟ್. ಥರ್ಮಲ್ ಪೇಸ್ಟಿನ ಡಬ್ಬಿಯ ಮೇಲೆ 8, 12 ಎಂಬ ಅಂಕಿ ಕಂಡವರಿಗೆ ಇದು ತೀರ ಕಡಿಮೆ ಎನಿಸುತ್ತದೆ. ಆದರೆ ನಿಮ್ಮ ಚಿಪ್‌ನ ಅಳತೆಗೆ ಲೆಕ್ಕ ಹಾಕಿದರೆ ಈ ಟೇಪಿನಲ್ಲಿ ಹಾದುಹೋಗುವ ಪ್ರತಿ ವ್ಯಾಟ್‌ಗೆ ಎರಡೂವರೆ ಡಿಗ್ರಿ ನಷ್ಟ. ಒಂದೂವರೆ ವ್ಯಾಟ್ ಹಾದರೆ ನಾಲ್ಕು ಡಿಗ್ರಿಗೂ ಒಳಗೆ. ಬೇಕೆಂದಾಗ ಬಿಡಿಸಿಕೊಳ್ಳಬಹುದು ಎಂಬ ನೆಮ್ಮದಿಗೆ ನಾಲ್ಕು ಡಿಗ್ರಿ ಕೊಡುವುದು ನನಗೆ ದುಬಾರಿ ಎನಿಸುವುದಿಲ್ಲ.

ಇನ್ನೊಂದು ದಾರಿ ಎರಡು ಟ್ಯೂಬುಗಳನ್ನು ಸಮನಾಗಿ ಬೆರೆಸಿ ಹಚ್ಚುವ ಥರ್ಮಲ್ ಅಂಟು. ಆರ್ಕ್ಟಿಕ್ ಅಲ್ಯೂಮಿನಾ ಅಂಥದ್ದು. ಇದು ಶಾಖವನ್ನು ಟೇಪಿಗಿಂತ ಚೆನ್ನಾಗಿ ದಾಟಿಸುತ್ತದೆ, ಕಾರ್ಡ್ ಬೋರಲಾಗಿದ್ದರೂ ಬೀಳುವುದಿಲ್ಲ. ಆದರೆ ಇದು ಶಾಶ್ವತ. ಮುಂದೊಂದು ದಿನ ಹೀಟ್‌ಸಿಂಕ್ ಕೀಳಲು ಹೋದರೆ ಅದರ ಜತೆ ಚಿಪ್ಪೇ ಎದ್ದುಬರಬಹುದು, ಬೋರ್ಡಿನ ತಾಮ್ರದ ಚುಕ್ಕೆಗಳನ್ನೂ ಕಿತ್ತುಕೊಂಡು. ಕಾರ್ಡನ್ನು ಹಳೆಯ ರೂಪಕ್ಕೆ ತರುವ ಆಸೆ ಒಂದಿಷ್ಟಾದರೂ ಇದ್ದರೆ ಇದಕ್ಕೆ ಕೈಹಾಕಬೇಡಿ.

ಥರ್ಮಲ್ ಪೇಸ್ಟ್ ಅಂಟಲ್ಲ. ಥರ್ಮಲ್ ಪ್ಯಾಡೂ ಅಂಟಲ್ಲ, ಮೇಲಿನಿಂದ ಸ್ಕ್ರೂ ಬಿಗಿದು ಒತ್ತಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇವೆರಡನ್ನೂ ನಂಬಿ ಹೀಟ್‌ಸಿಂಕ್ ನೇತುಹಾಕಿದವರು ಬಹಳ ಮಂದಿ. ಇನ್ನು ನಿಮ್ಮ ಫೆವಿಕ್ವಿಕ್. ಈ ಜಾತಿಯ ಅಂಟು ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿನಲ್ಲಿ ಸತ್ವ ಕಳೆದುಕೊಳ್ಳುತ್ತದೆ, ನಿಮ್ಮ ಚಿಪ್ ಬೇಸಿಗೆಯಲ್ಲಿ ಮುಟ್ಟುವುದೂ ಅದನ್ನೇ. ಒಣಗಿದ ಮೇಲೆ ಗಾಜಿನ ಹಾಗೆ ಪೆಡಸು. ಕಾದು ಆರಿ, ಕಾದು ಆರಿ ಬಿರುಕು ಬಿಡುತ್ತದೆ. ಬಿರುಕು ಬಿಡದೆ ಹಿಡಿದುಕೊಂಡರೆ ಅದು ಇನ್ನೂ ಕೆಟ್ಟದ್ದು, ಬಿಡಿಸಲು ದಾರಿಯಿಲ್ಲ. ನಡುವೆ ಪೇಸ್ಟ್, ನಾಲ್ಕು ಮೂಲೆಗೆ ಒಂದೊಂದು ಹನಿ ಫೆವಿಕ್ವಿಕ್ ಎಂಬ ಹಳೆಯ ಉಪಾಯ ನಿಮ್ಮ ಗೆಳೆಯನಿಗೂ ಗೊತ್ತಿರಬಹುದು. ತಿಳಿ ಅಂಟು ಮೂಲೆಯಿಂದ ಚಿಪ್‌ನ ಅಡಿಗೆ ಹರಿದು ಬೆಸುಗೆ ಗುಂಡುಗಳ ನಡುವೆ ಹೋದರೆ ಮುಂದೆ ಆ ಚಿಪ್ ಬದಲಿಸಬೇಕಾದಾಗ ರಿಪೇರಿಯವರೂ ಕೈಚೆಲ್ಲುತ್ತಾರೆ.

ಅಂಟಿಸುವ ಕ್ರಮ ಸುಲಭ. ಟೇಪನ್ನು ಹೀಟ್‌ಸಿಂಕ್‌ಗಲ್ಲ, ಚಿಪ್‌ನ ಅಳತೆಗೆ, 12ಕ್ಕೆ 14 ಮಿಲಿಮೀಟರಿಗೆ ಕತ್ತರಿಸಿ. ಮೊದಲು ಚಿಪ್‌ಗೆ ಅಂಟಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆರಳಿನಿಂದ ಉಜ್ಜುತ್ತ ಹೋಗಿ, ಒಳಗೆ ಗಾಳಿಗುಳ್ಳೆ ನಿಲ್ಲದಂತೆ. ಮೇಲಿನ ಕಾಗದ ಸುಲಿದು ಹೀಟ್‌ಸಿಂಕ್ ಇಡಿ. ರೆಕ್ಕೆಗಳು ಗಾಳಿ ಬರುವ ದಿಕ್ಕಿಗೆ ಉದ್ದವಾಗಿರಲಿ. ನೆಟ್ಟಗೆ ಕೆಳಕ್ಕೆ ಅರ್ಧ ನಿಮಿಷ ಒತ್ತಿ, ಬೋರ್ಡ್ ಬಾಗುವಷ್ಟು ಜೋರಾಗಿ ಬೇಡ. ಬೋರ್ಡಿನ ಅಡಿಗೆ ಮಡಿಚಿದ ಟವೆಲ್ ಇಟ್ಟುಕೊಂಡರೆ ಭಾರ ಹಂಚಿಹೋಗುತ್ತದೆ. ಆಮೇಲೆ ಕಾರ್ಡನ್ನು ಅಂಗಾತ ಮಲಗಿಸಿ ಮೂರು ದಿನ ಬಿಡಿ. ಈ ಬಗೆಯ ಅಂಟು ಮುಟ್ಟಿದ ಕ್ಷಣಕ್ಕೆ ಹಿಡಿದಂತೆ ಕಂಡರೂ ಪೂರ್ತಿ ಬಲ ಬರಲು 72 ಗಂಟೆ ಬೇಕು. ಹೆಚ್ಚಿನವರು ಹತ್ತೇ ನಿಮಿಷಕ್ಕೆ ಸ್ಲಾಟಿಗೆ ಹಾಕಿ, ಅರ್ಧ ಹಿಡಿದ ಅಂಟನ್ನು ತಲೆಕೆಳಗು ಮಾಡಿ, ಬಿಸಿಯನ್ನೂ ಕೊಟ್ಟು ಪರೀಕ್ಷೆಗೆ ಒಡ್ಡುತ್ತಾರೆ.

ಬಿಡಿಸಬೇಕಾದಾಗ ಸ್ಕ್ರೂ ಡ್ರೈವರಿನಿಂದ ಮೀಟಬೇಡಿ. ಕೂದಲು ಒಣಗಿಸುವ ಡ್ರೈಯರಿನಿಂದ ಎರಡು ನಿಮಿಷ ಬೆಚ್ಚಗೆ ಮಾಡಿ, ತೆಳು ನೈಲಾನ್ ದಾರವನ್ನು ಟೇಪಿನ ಸಂದಿಗೆ ಹಾಕಿ ಗರಗಸದ ಹಾಗೆ ಎಳೆಯಿರಿ. ನಿಧಾನವಾಗಿ ಬಿಡುತ್ತದೆ.

ಅಳೆಯುವ ಆಸೆ ಇರುವವರಿಗೆ ಒಂದು ಮಾತು. ದೂರದಿಂದ ತೋರಿಸಿ ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬರಿ ಚಿಪ್‌ನ ಕಪ್ಪು ಮೈಯನ್ನು ಸರಿಯಾಗಿಯೇ ಓದುತ್ತದೆ, ಹೊಳೆಯುವ ಲೋಹದ ಮೇಲೆ ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಹೀಟ್‌ಸಿಂಕ್ ಹಾಕಿದ ಮೇಲೆ 80 ಇದ್ದದ್ದು 40ಕ್ಕೆ ಇಳಿಯಿತು ಎಂದು ಕೆಲವರು ಸಂಭ್ರಮಿಸುವುದು ಈ ಕಾರಣಕ್ಕೆ. ಕೊರೊನಾ ಕಾಲದಲ್ಲಿ ಮನೆಗೆ ತಂದ ಹಣೆಯ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು, ಅದು ಜ್ವರದ ಅಳತೆಯ ಆಚೆಗೆ ಓದುವುದಿಲ್ಲ. ಉಷ್ಣತೆ ತೋರಿಸುವ ಮಲ್ಟಿಮೀಟರ್ ಇದ್ದರೆ ಅದರ ತಂತಿಯ ತುದಿಯನ್ನು ಹಳದಿ ಕ್ಯಾಪ್ಟಾನ್ ಟೇಪಿನಿಂದ ಚಿಪ್‌ನ ಅಂಚಿಗೆ ಅಂಟಿಸಿ ಓದುವುದು ನಂಬಲರ್ಹ.

ನಿಮ್ಮ ಪ್ರಶ್ನೆ ಓದಿದ ಬೇರೆಯವರು, ಕೂಲರ್ ಬದಲಿಸದೆ ಇರುವವರು, ತಮ್ಮ ಕಾರ್ಡಿಗೂ ಹೀಟ್‌ಸಿಂಕ್ ಅಂಟಿಸಲು ಹೊರಡಬಹುದು. ಅವರಿಗೆ ಬೇಡ ಎನ್ನುತ್ತೇನೆ. ಮೂಲ ಕೂಲರ್ ಮೆಮೊರಿಯನ್ನು ಪ್ಯಾಡ್ ಮೂಲಕ ಮುಟ್ಟುತ್ತಿದ್ದರೆ ಅಲ್ಲಿ ಹೀಟ್‌ಸಿಂಕ್‌ಗೆ ಜಾಗವೇ ಇರುವುದಿಲ್ಲ. ಮಾಡಬೇಕಾದದ್ದು ಒಣಗಿದ ಪ್ಯಾಡ್ ಬದಲಿಸುವುದು, ಅದೂ ಮೊದಲಿದ್ದ ದಪ್ಪದ್ದನ್ನೇ ಹಾಕಿ. ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಪ್ಯಾಡ್ ಹಾಕಿದರೆ ಕೂಲರ್ ಜಿಪಿಯು ಮೇಲಿಂದ ಎದ್ದು ನಿಲ್ಲುತ್ತದೆ, ಮೆಮೊರಿ ತಂಪಾಗಿ ಜಿಪಿಯು ಕಾಯುತ್ತದೆ. ಚಿಪ್ ಬರಿಮೈಯಲ್ಲಿದ್ದು ಮೇಲೆ ಕೂಲರಿನ ರೆಕ್ಕೆಗಳು ಚಾಚಿದ್ದರೆ ನಡುವಿನ ಸಂದಿ ಎಷ್ಟೆಂದು ಮಕ್ಕಳು ಆಡುವ ಬಣ್ಣದ ಕ್ಲೇಯ ಸಣ್ಣ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟು, ಕೂಲರ್ ಕೂರಿಸಿ ತೆಗೆದು ಅಳೆಯಿರಿ. ಎಷ್ಟೋ ಕಾರ್ಡುಗಳಲ್ಲಿ ಅದು ಮೂರ್ನಾಲ್ಕು ಮಿಲಿಮೀಟರ್ ದಾಟುವುದಿಲ್ಲ.

ಮೆಮೊರಿಯ ಶಾಖವನ್ನು ದೊಡ್ಡ ದೊಡ್ಡವರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದಕ್ಕೆ 2020ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಟಿಎಕ್ಸ್ 3090 ಸಾಕ್ಷಿ. ಅದರಲ್ಲಿ 24 ಮೆಮೊರಿ ಚಿಪ್. ಹನ್ನೆರಡು ಮುಂದೆ, ಹನ್ನೆರಡು ಬೋರ್ಡಿನ ಬೆನ್ನಿಗೆ. ಮುಂದಿನವಕ್ಕೆ ದೊಡ್ಡ ಕೂಲರ್, ಹಿಂದಿನವಕ್ಕೆ ಪ್ಯಾಡ್ ಮತ್ತು ಒಂದು ಲೋಹದ ತಗಡು. ಆ ಮೆಮೊರಿಯ ಒಳಗಿನ ಉಷ್ಣತೆಯನ್ನು ತಂತ್ರಾಂಶದಲ್ಲಿ ಓದಲು ಸಾಧ್ಯವಾದದ್ದೇ ತಡ, ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರಿಕೆಗೆ ಹಚ್ಚಿದ ಕಾರ್ಡುಗಳು 110 ಡಿಗ್ರಿ ಮುಟ್ಟಿ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿರುವುದು ಜನರ ಕಣ್ಣಿಗೆ ಬಿತ್ತು. ಅವರು ಮಾಡಿದ್ದೇನು? ಬೆನ್ನಿನ ತಗಡಿನ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗಳನ್ನು ಸಾಲಾಗಿ ಇಟ್ಟು ಮೇಲೊಂದು ಫ್ಯಾನ್ ಹಾಕಿದರು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂನಲ್ಲಿ ಗಣಿಗಾರಿಕೆ ನಿಂತಿತು, ಆ ಕಾರ್ಡುಗಳಲ್ಲಿ ಬಹಳಷ್ಟು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅಂಥದ್ದನ್ನು ಕೊಂಡವರು ಮೊದಲು ಬೆನ್ನಿನ ಪ್ಯಾಡ್ ಬಿಚ್ಚಿ ನೋಡಿ.

ನಿಮ್ಮ ಕಾರ್ಡಿಗೆ ಮರಳುತ್ತೇನೆ. ಮೊದಲು ಮೇಜಿನ ಫ್ಯಾನಿನ ಪರೀಕ್ಷೆ. ಅದು ಶಾಖದ ದೋಷ ಎಂದು ತೋರಿಸಿದರೆ ಕಾರ್ಡಿನ ಕೆಳಗೊಂದು ಫ್ಯಾನ್, ಮಾಸ್‌ಫೆಟ್‌ಗಳಿಗೂ ಆರು ಚಿಪ್‌ಗಳಿಗೂ ಟೇಪಿನಿಂದ ಅಲ್ಯೂಮಿನಿಯಂ ಹೀಟ್‌ಸಿಂಕ್, ಮೂರು ದಿನ ವಿಶ್ರಾಂತಿ. ನಾಲ್ಕನೆಯ ದಿನ ಒಸಿಸಿಟಿ ತಂತ್ರಾಂಶದಲ್ಲಿ ವಿ-ರ್ಯಾಮ್ (ಗ್ರಾಫಿಕ್ಸ್ ಮೆಮೊರಿ) ಪರೀಕ್ಷೆಯನ್ನು ಒಂದು ಗಂಟೆ ಓಡಿಸಿ. ಒಂದೂ ದೋಷ ತೋರಿಸಬಾರದು. ಇದನ್ನು ಬೆಳಗಿನ ತಂಪಿನಲ್ಲಿ ಮಾಡಬೇಡಿ. ಮಧ್ಯಾಹ್ನ ಮೂರು ಗಂಟೆಗೆ, ಕೋಣೆ ಕಾದಿರುವಾಗ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ ಮಾಡಿ.